10 ಓವರ್, 87 ರನ್: ಶ್ರೀನಾಥ್ ಲೆಕ್ಕದಲ್ಲಿ ನಾವು ತಪ್ಪಿದ್ದೆಲ್ಲಿ?



10 ಓವರ್. ಮೇಡನ್ ಒಂದೂ ಇಲ್ಲ. 87 ರನ್. ವಿಕೆಟ್ ಸೊನ್ನೆ.

ಇದು ಒಬ್ಬ ಬೌಲರ್‌ನ ಕೊನೆಯ ಅಂತರರಾಷ್ಟ್ರೀಯ ಪಂದ್ಯದ ಲೆಕ್ಕ. 2003ರ ಮಾರ್ಚ್ 23, ಭಾನುವಾರ. ಜೊಹಾನ್ಸ್‌ಬರ್ಗ್‌ನ ವಾಂಡರರ್ಸ್ ಮೈದಾನ. ವಿಶ್ವಕಪ್ ಫೈನಲ್. ಎದುರಿಗೆ ಆಸ್ಟ್ರೇಲಿಯಾ. ಬೌಲರ್ ಹೆಸರು ಜಾವಗಲ್ ಶ್ರೀನಾಥ್. ನಮ್ಮ ಮೈಸೂರಿನವರು.

ಆ ದಿನ ನಾನು ಎಲ್ಲಿದ್ದೆ? ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ, ನಮ್ಮ ದೊಡ್ಡಪ್ಪನ ಮನೆಯ ಜಗಲಿಯಲ್ಲಿ. ಮೈಸೂರಿಂದ ಮಡಿಕೇರಿ ಕಡೆಗೆ ಬಸ್ಸಲ್ಲಿ ಹೋದವರಿಗೆ ಕೊಪ್ಪ ಗೊತ್ತಿರುತ್ತೆ. ಎಂಬತ್ತು ಚಿಲ್ಲರೆ ಕಿಲೋಮೀಟರ್ ಬಂದ ಮೇಲೆ, ಕಾವೇರಿ ಸೇತುವೆಗೆ ಮುಂಚೆ ಸಿಗುವ ಊರು. ಸೇತುವೆ ದಾಟಿದರೆ ಕುಶಾಲನಗರ, ಅಂದರೆ ಕೊಡಗು. ಆ ಕಡೆ ಹಾಕಿ, ಈ ಕಡೆ ಕ್ರಿಕೆಟ್. ಪಕ್ಕದ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರ ಕ್ಯಾಂಪು. ಸುತ್ತ ಹೊಗೆಸೊಪ್ಪಿನ ಹೊಲ. ಹೊಲದ ಮಧ್ಯೆ ಎತ್ತರಕ್ಕೆ ನಿಂತ ಬ್ಯಾರನ್‌ಗಳು.

ಜಗಲಿ ತುಂಬ ಜನ ಇದ್ದರು. ಟಿವಿಯನ್ನ ಕಿಟಕಿ ಹತ್ತಿರ ಎಳೆದು ಇಟ್ಟಿದ್ದೆವು. ಗಂಗೂಲಿ ಟಾಸ್ ಗೆದ್ದು ಬೌಲಿಂಗ್ ತಗೊಂಡರು. ಜಹೀರ್ ಖಾನ್ ಹಾಕಿದ ಮೊದಲ ಓವರಲ್ಲೇ 15 ರನ್ ಹೋಯ್ತು. ಆಮೇಲೆ ನಡೆದಿದ್ದು ನಿಮಗೆಲ್ಲ ಗೊತ್ತು. ಪಾಂಟಿಂಗ್ ಔಟಾಗದೆ 140. ಆಸ್ಟ್ರೇಲಿಯಾ 2 ವಿಕೆಟ್‌ಗೆ 359. ಶ್ರೀನಾಥ್ ಚೆಂಡುಗಳು ಬೌಂಡರಿ ದಾಟುತ್ತಾ ಇದ್ದರೆ ಜಗಲಿಯಲ್ಲಿ ಯಾರೋ ಕೂಗಿದರು, "ಈ ಮುದುಕನ್ನ ಯಾಕೆ ಕರ್ಕೊಂಡ್ ಬಂದ್ರೋ!" ಅವರಿಗಿಂತ ಜೋರಾಗಿ ನಾನೂ ಕೂಗಿದೆ. ಆಗ ಶ್ರೀನಾಥ್ ಅವರಿಗೆ 33 ವರ್ಷ. ಇವತ್ತಿನ ನನ್ನ ವಯಸ್ಸಿಗಿಂತ ಎಷ್ಟೋ ಚಿಕ್ಕವರು!

ದೊಡ್ಡಪ್ಪ ಕ್ರಿಕೆಟ್ ಅಷ್ಟಾಗಿ ನೋಡ್ತಿರಲಿಲ್ಲ. ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕ್ಕೊಳ್ತಿದ್ದವರು ನನ್ನ ಕಡೆ ತಿರುಗಿ ಒಂದು ಮಾತು ಹೇಳಿದರು.

"ಏನ್ಲಾ ಮಗ, ಹರಾಜು ಕಟ್ಟೇಲಿ ನಮ್ ಸೊಪ್ಪು ನೋಡ್ತಾರಲ್ಲ, ಹಂಗೇ ನೋಡ್ತಿದ್ದೀಯಲ್ಲ ಅವ್ನ."

ನಾನು ಆಗ ನಕ್ಕುಬಿಟ್ಟೆ. ಆ ಮಾತಿನ ಅರ್ಥ ಆಗೋದಕ್ಕೆ ನನಗೆ ಬಹಳ ವರ್ಷ ಬೇಕಾಯ್ತು. ಇವತ್ತು ಅದನ್ನೇ ಹೇಳಬೇಕು ಅಂತ ನಿಮ್ಮ ಮುಂದೆ ಬಂದಿದ್ದೀನಿ.

ಹೊಗೆಸೊಪ್ಪು ಬೆಳೆಯದ ಕಡೆಯ ವೀಕ್ಷಕರಿಗಾಗಿ ಸ್ವಲ್ಪ ವಿವರಿಸಿಬಿಡ್ತೀನಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕಿನ ರೈತನಿಗೆ ವರ್ಷದ ದುಡ್ಡು ಅಂದರೆ ಬಹಳಷ್ಟು ಮಟ್ಟಿಗೆ ಹೊಗೆಸೊಪ್ಪು. ಮುಂಗಾರಿಗೆ ಮುಂಚೆ ಸಸಿ ಮಡಿ. ಮಳೆ ಬಿದ್ದ ಮೇಲೆ ನಾಟಿ. ಎಲೆ ಬಲಿತಾಗ ಕೆಳಗಿನಿಂದ ಒಂದೊಂದೇ ಸುತ್ತು ಮುರಿಯಬೇಕು. ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ನೇತು ಹಾಕಬೇಕು. ಆಮೇಲೆ ಐದಾರು ದಿನ, ಹಗಲು ರಾತ್ರಿ, ಒಲೆ ಮುಂದೆ ಒಬ್ಬ ಕೂತಿರಲೇಬೇಕು. ಶಾಖ ಒಂದೇ ಸಲ ಏರುವ ಹಾಗಿಲ್ಲ. ಇಳಿಯುವ ಹಾಗಂತೂ ಇಲ್ಲವೇ ಇಲ್ಲ. ನಡುರಾತ್ರಿ ಒಂದು ಗಂಟೆ ಕಣ್ಣು ಮುಚ್ಚಿದರೆ ಸೊಪ್ಪಿನ ಬಣ್ಣ ಕೆಟ್ಟುಹೋಯ್ತು. ಬಣ್ಣ ಕೆಟ್ಟರೆ ರೇಟೂ ಕೆಟ್ಟಿತು.

ಇಷ್ಟೆಲ್ಲ ಮಾಡಿ, ವಿಂಗಡಿಸಿ, ಬೇಲ್ ಕಟ್ಟಿ ಹರಾಜು ಕಟ್ಟೆಗೆ ತಗೊಂಡು ಹೋದರೆ ಅಲ್ಲಿ ಏನಾಗುತ್ತೆ? ಸಾಲಾಗಿ ಇಟ್ಟ ಬೇಲ್‌ಗಳ ಪಕ್ಕ ಖರೀದಿದಾರರು ನಡೆದು ಬರ್ತಾರೆ. ಮೇಲಿನ ನಾಲ್ಕು ಎಲೆ ಎತ್ತಿ ನೋಡ್ತಾರೆ. ಕೆಲವೇ ಸೆಕೆಂಡು. ರೇಟು ತೀರ್ಮಾನ ಆಯ್ತು. ಮುಂದಿನ ಬೇಲ್. ಒಲೆ ಮುಂದೆ ಕೂತವನ ರಾತ್ರಿಗಳನ್ನ ಅಲ್ಲಿ ಯಾರೂ ಎಣಿಸೋದಿಲ್ಲ.

ದೊಡ್ಡಪ್ಪ ಹೇಳಿದ್ದು ಇದನ್ನೇ. 87 ರನ್ ಅನ್ನೋದು ಮೇಲಿನ ನಾಲ್ಕು ಎಲೆ. ಒಳಗಿನ ಬೇಲ್ ಬಿಚ್ಚಿ ನೋಡೋಣ ಬನ್ನಿ.

ಹೆಸರಲ್ಲೇ ಇರುವ ಜಾವಗಲ್ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಊರು. ಕುಟುಂಬದ ಮೂಲ ಅಲ್ಲಿಯದು. 1969ರ ಆಗಸ್ಟ್ 31ರಂದು ಹುಟ್ಟಿದ ಶ್ರೀನಾಥ್ ಬೆಳೆದಿದ್ದು ಮೈಸೂರಿನಲ್ಲಿ. ಮರಿಮಲ್ಲಪ್ಪ ಶಾಲೆಯಲ್ಲಿ ಓದು. ಆಮೇಲೆ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಶನ್ ಪದವಿ. ಅಂದರೆ ಮೀಟರು, ಮಾಪನ, ಅಳತೆ, ಇವುಗಳ ಶಾಸ್ತ್ರ. ಆ ಕಾಲದ ಮೈಸೂರಿನ ಮಧ್ಯಮ ವರ್ಗದ ಮನೆಯಲ್ಲಿ ಮಗ ಎಂಜಿನಿಯರಿಂಗ್ ಸೇರಿದ ಅಂದರೆ ದಾರಿ ತೀರ್ಮಾನ ಆದ ಹಾಗೆ. ಕ್ರಿಕೆಟ್ ಸಂಜೆಗೆ.

ಅವರನ್ನ ಗುರುತಿಸಿದ್ದು ಬೇರೆ ಯಾರೂ ಅಲ್ಲ, ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಒಂದು ಕ್ಲಬ್ ಪಂದ್ಯದಲ್ಲಿ ಈ ಹುಡುಗನ ವೇಗ ಕಂಡ ವಿಶಿ, ಇವನು ರಾಜ್ಯಕ್ಕೆ ಆಡಬೇಕು ಅಂದರು. 1989-90ರ ಋತುವಿನಲ್ಲಿ ಹೈದರಾಬಾದ್ ವಿರುದ್ಧ ಶ್ರೀನಾಥ್ ಕರ್ನಾಟಕಕ್ಕೆ ಮೊದಲ ಪಂದ್ಯ ಆಡಿದರು. ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್! ಎರಡು ವರ್ಷ ಕಳೆಯುವಷ್ಟರಲ್ಲಿ ಭಾರತ ತಂಡದಲ್ಲಿದ್ದರು. 1991ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ಎದುರು ಮೊದಲ ಏಕದಿನ ಪಂದ್ಯ. ನವೆಂಬರ್ 29ಕ್ಕೆ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್.

ಇಲ್ಲಿಯವರೆಗೆ ಕಥೆ ಸಲೀಸು. ಇನ್ನು ಮುಂದೆ ನೋಡಿ.

ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಶುರು ಮಾಡಿದ ಹುಡುಗ ತವರು ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು ಯಾವಾಗ? 1994ರ ನವೆಂಬರ್‌ನಲ್ಲಿ. ಮುಂಬೈಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಹತ್ತಿರ ಹತ್ತಿರ ಮೂರು ವರ್ಷ! ಆಸ್ಟ್ರೇಲಿಯಾಕ್ಕೆ ಹೋಗಬೇಕಾದರೆ ಶ್ರೀನಾಥ್ ಬೇಕು. ದಕ್ಷಿಣ ಆಫ್ರಿಕಾಕ್ಕೆ ಬೇಕು. ಅಲ್ಲಿ ಕೇಪ್‌ಟೌನ್ ಟೆಸ್ಟಿನ ಎರಡನೇ ಇನಿಂಗ್ಸ್‌ನಲ್ಲಿ 27 ಓವರ್ ಹಾಕಿ ಕೇವಲ 33 ರನ್ ಕೊಟ್ಟು 4 ವಿಕೆಟ್ ತೆಗೆದರು. ಆದರೆ ವಿಮಾನ ಭಾರತದಲ್ಲಿ ಇಳಿದ ತಕ್ಷಣ ಅವರ ಜಾಗ ಬೆಂಚು.

ಯಾಕೆ ಹೀಗಾಯ್ತು? ಯಾರದ್ದೋ ಪಿತೂರಿ ಅಂತ ಹೇಳೋದು ಸುಲಭ. ನಮ್ಮ ಟಿವಿಯವರಿಗೆ ಅದು ಇಷ್ಟ ಕೂಡ. ಆದರೆ ವಿಷಯ ಅದಲ್ಲ. ಆಗ ಭಾರತದ ಪಿಚ್‌ಗಳು ಸ್ಪಿನ್ನರ್‌ಗಳಿಗೆ ಮಾಡಿಸಿದ್ದು. ಕುಂಬ್ಳೆ, ರಾಜೇಶ್ ಚೌಹಾನ್, ವೆಂಕಟಪತಿ ರಾಜು, ಮೂವರೂ ಆಡಬೇಕು. ಹೊಸ ಚೆಂಡಿನ ಹೊಳಪು ಹೋಗುವವರೆಗೆ ನಾಲ್ಕಾರು ಓವರ್ ಹಾಕೋಕೆ ಇಬ್ಬರು ಸಾಕು. ಕಪಿಲ್ ದೇವ್ ಇದ್ದರು, ಮನೋಜ್ ಪ್ರಭಾಕರ್ ಇದ್ದರು. ಇಬ್ಬರೂ ಬ್ಯಾಟಿಂಗ್ ಮಾಡ್ತಾರೆ. ಮೂರನೇ ವೇಗದ ಬೌಲರ್‌ಗೆ ಕೆಲಸ ಏನು? 1993ರಲ್ಲಿ ಇಂಗ್ಲೆಂಡ್ ಮತ್ತು ಜಿಂಬಾಬ್ವೆ, 1994ರಲ್ಲಿ ಶ್ರೀಲಂಕಾ ನಮ್ಮಲ್ಲಿಗೆ ಬಂದವು. ಒಟ್ಟು 7 ಟೆಸ್ಟ್. ಏಳೂ ಭಾರತ ಗೆದ್ದಿತು. ಗೆಲ್ಲುವ ತಂಡವನ್ನ ಯಾರು ಬದಲಾಯಿಸ್ತಾರೆ? ಆ ಏಳೂ ಟೆಸ್ಟ್‌ಗಳಲ್ಲಿ ಶ್ರೀನಾಥ್ ಹೊರಗೆ ಕೂತರು.

ಒಬ್ಬ ವೇಗದ ಬೌಲರ್‌ಗೆ 22ರಿಂದ 25 ವರ್ಷದ ಮಧ್ಯದ ದಿನಗಳು ಅಂದರೆ ಏನು ಗೊತ್ತಾ? ಮೈಯಲ್ಲಿ ಅತಿ ಹೆಚ್ಚು ಕಸುವು ಇರುವ ಕಾಲ. ಆ ಕಾಲದ ಎಷ್ಟು ಓವರ್‌ಗಳು ಬೆಂಚಿನ ಮೇಲೆ ಕರಗಿಹೋದವೋ! 1994ರಲ್ಲಿ ಕಪಿಲ್ ನಿವೃತ್ತರಾದರು. ಆಮೇಲೆ ಶ್ರೀನಾಥ್‌ಗೆ ತವರಿನ ಬಾಗಿಲು ತೆರೆಯಿತು.

ಮರುವರ್ಷ, 1995ರಲ್ಲಿ, ಇಂಗ್ಲೆಂಡಿನ ಗ್ಲೋಸ್ಟರ್‌ಶೈರ್ ಕೌಂಟಿಗೆ ಆಡಲು ಹೋದರು. ಒಂದೇ ಋತುವಿನಲ್ಲಿ ಎಷ್ಟು ವಿಕೆಟ್ ತೆಗೆದರು ಅಂತೀರಿ? 87! ಹೌದು, ಅದೇ 87. ಆ ಅಂಕಿ ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಕೊಟ್ಟ 87 ನೆನಪಿದೆ, ತೆಗೆದ 87 ಮರೆತುಹೋಗಿದೆ.

ಈಗ ಅವರ ಬೌಲಿಂಗ್ ಎಂಥದ್ದು ಅಂತ ಸ್ವಲ್ಪ ನೋಡೋಣ. ಉದ್ದನೆಯ ಮೈಕಟ್ಟು. ಉದ್ದ ಓಟ. ಬಲಗೈ ಬ್ಯಾಟ್ಸ್‌ಮನ್‌ಗೆ ಚೆಂಡು ಹೊರಗಿನಿಂದ ಒಳಕ್ಕೆ ಬರೋದು ಅವರ ಸಹಜ ಎಸೆತ. ಆಫ್ ಸ್ಟಂಪ್ ಆಚೆ ಬೀಳುತ್ತೆ, ಬಿಡೋಣ ಅಂತ ಬ್ಯಾಟ್ ಎತ್ತುವಷ್ಟರಲ್ಲಿ ಒಳಗೆ ನುಗ್ಗಿ ಪ್ಯಾಡಿಗೋ ಸ್ಟಂಪಿಗೋ ಬಡಿಯುತ್ತೆ. 1999ರ ವಿಶ್ವಕಪ್‌ನಲ್ಲಿ ಎಲ್ಲರ ವೇಗ ಅಳೆದರು. ಶೋಯೆಬ್ ಅಖ್ತರ್ ಮೊದಲು. ಎರಡನೆಯವರು ಯಾರು? ನಮ್ಮ ಶ್ರೀನಾಥ್, ಗಂಟೆಗೆ 149.6 ಕಿಲೋಮೀಟರ್. ಆ ವೇಗದ ಚೆಂಡು ಕೈ ಬಿಟ್ಟ ಮೇಲೆ ಬ್ಯಾಟ್ ತಲುಪೋಕೆ ಅರ್ಧ ಸೆಕೆಂಡೂ ಬೇಕಿಲ್ಲ. ಮೈಸೂರು ಎಕ್ಸ್‌ಪ್ರೆಸ್ ಅಂತ ಜನ ಸುಮ್ಮನೆ ಕರೆಯಲಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ನಾವೆಲ್ಲ ಏನು ಅಂದುಕೊಂಡಿದ್ದೀವಿ? ಭಾರತದ ಸತ್ತ ಪಿಚ್‌ಗಳಿಂದ ಶ್ರೀನಾಥ್ ಹಾಳಾದರು, ಹೊರದೇಶದಲ್ಲಿ ಹುಟ್ಟಿದ್ದರೆ ಎಷ್ಟೋ ವಿಕೆಟ್ ತೆಗೀತಿದ್ದರು ಅಂತ. ಅಂಕಿ ಅಂಶ ಬೇರೆಯೇ ಹೇಳುತ್ತೆ. ಒಟ್ಟು 67 ಟೆಸ್ಟ್, 236 ವಿಕೆಟ್, ಸರಾಸರಿ 30.49. ಬೇರ್ಪಡಿಸಿ ನೋಡಿದರೆ ಹೊರದೇಶದಲ್ಲಿ ವಿಕೆಟ್ ಒಂದಕ್ಕೆ 33.76 ರನ್. ತವರಿನಲ್ಲಿ 26.61! ಯಾವ ನೆಲ ಅವರನ್ನ ಬೆಂಚಿನ ಮೇಲೆ ಕೂರಿಸಿತ್ತೋ, ಆ ನೆಲದಲ್ಲೇ ಅವರು ಹೆಚ್ಚು ಚೆನ್ನಾಗಿ ಬೌಲ್ ಮಾಡಿದರು.

ಇದು ಹೇಗೆ ಸಾಧ್ಯ? ನನಗೆ ಕಾಣೋದು ಹೀಗೆ. ನಮ್ಮ ಪಿಚ್‌ನಲ್ಲಿ ಚೆಂಡು ಎದ್ದು ಬರೋದಿಲ್ಲ, ಮೊಣಕಾಲ ಮಟ್ಟಕ್ಕೇ ಉಳಿಯುತ್ತೆ. ಪುಟಿತ ನಂಬಿ ಬೌಲ್ ಮಾಡುವವನಿಗೆ ಇದು ಶಾಪ. ಆದರೆ ಚೆಂಡನ್ನ ಒಳಗೆ ತರುವವನು ನೇರ ಸ್ಟಂಪಿಗೇ ಗುರಿ ಇಟ್ಟರೆ? ಸ್ಲಿಪ್‌ನಲ್ಲಿ ಕ್ಯಾಚ್ ಹಿಡೀತಾರೋ ಬಿಡ್ತಾರೋ ಅನ್ನೋ ಚಿಂತೆ ಇಲ್ಲ. ಬೌಲ್ಡ್, ಇಲ್ಲ ಎಲ್‌ಬಿಡಬ್ಲ್ಯು. ಜೊತೆಗೆ ನಮ್ಮಲ್ಲಿ ಬಳಸುವ ಎಸ್‌ಜಿ ಚೆಂಡಿನ ಹೊಲಿಗೆ ದಪ್ಪ, ಬೇಗ ಚಪ್ಪಟೆ ಆಗೋದಿಲ್ಲ. ಒರಟು ನೆಲದಲ್ಲಿ ಒಂದು ಕಡೆ ಸವೆದ ಚೆಂಡು ರಿವರ್ಸ್ ಸ್ವಿಂಗ್ ಕೂಡ ಆಗುತ್ತೆ. ಸಿಕ್ಕ ನೆಲವನ್ನ ಶಪಿಸದೆ, ಆ ನೆಲಕ್ಕೆ ಏನು ಬೇಕೋ ಅದನ್ನ ಕಲಿತರು. ನಮ್ಮ ಕಡೆ ಕೆಂಪು ಮಣ್ಣಿನ ರೈತ ಮಾಡೋದೂ ಅದನ್ನೇ ಅಲ್ಲವಾ?

ಉದಾಹರಣೆ ಬೇಕಾ? 1996ರ ನವೆಂಬರ್, ಅಹಮದಾಬಾದ್. ಗೆಲ್ಲಲು ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದಿದ್ದು 170 ರನ್ ಮಾತ್ರ. ಎಲ್ಲರ ಕಣ್ಣು ಸ್ಪಿನ್ನರ್‌ಗಳ ಮೇಲೆ. ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ತೆಗೆದರು. ದಕ್ಷಿಣ ಆಫ್ರಿಕಾ 105ಕ್ಕೆ ಮುಗಿಯಿತು. ಭಾರತಕ್ಕೆ 64 ರನ್ ಜಯ. ಸ್ಪಿನ್ನಿಗೆ ಅಂತ ಮಾಡಿಸಿದ ನೆಲದಲ್ಲಿ ಕೊನೆಯ ದಿನದ ಕೆಲಸ ಮುಗಿಸಿದ್ದು ಒಬ್ಬ ವೇಗದ ಬೌಲರ್.

ಅದಕ್ಕೆ ಒಂದು ತಿಂಗಳ ಹಿಂದೆ ನಡೆದಿದ್ದನ್ನ ಕನ್ನಡಿಗರು ಯಾರೂ ಮರೆತಿಲ್ಲ. 1996ರ ಅಕ್ಟೋಬರ್ 21, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಟೈಟನ್ ಕಪ್. ಆ ಸರಣಿಯಲ್ಲಿ ಭಾರತಕ್ಕೆ ಆಡಿದ ಕನ್ನಡಿಗರ ಪಟ್ಟಿ ನೋಡಿ: ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ಸುಜಿತ್ ಸೋಮಸುಂದರ್. ಆಸ್ಟ್ರೇಲಿಯಾ ವಿರುದ್ಧ 216 ರನ್ ಹೊಡೆಯಬೇಕಿತ್ತು. ಸಚಿನ್ 88 ಹೊಡೆದು ಔಟಾದಾಗ ಸ್ಕೋರ್ 8ಕ್ಕೆ 164. ಇನ್ನು 52 ಬೇಕು. ದೇಶದ ಎಷ್ಟೋ ಮನೆಗಳಲ್ಲಿ ಟಿವಿ ಆರಿಸಿಬಿಟ್ಟರು.

ನಮ್ಮೂರಲ್ಲಿ ಟಿವಿ ಆರಿಸುವ ಪ್ರಶ್ನೆಯೇ ಇರಲಿಲ್ಲ, ಕರೆಂಟೇ ಇರಲಿಲ್ಲ. ನಾನು ಆಗ ಹೈಸ್ಕೂಲ್ ಹುಡುಗ. ಕೊನೆಯ ಸುತ್ತಿನ ಸೊಪ್ಪು ಬ್ಯಾರನ್ ಒಳಗಿತ್ತು. ದೊಡ್ಡಪ್ಪ ಒಲೆಗೆ ಸೌದೆ ತಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಸೆಲ್ಲು ಹಾಕಿದ ರೇಡಿಯೋ ಹಿಡಿದು ಕೂತಿದ್ದೆ. ಶ್ರೀನಾಥ್ ಮತ್ತು ಕುಂಬ್ಳೆ ಒಂದೊಂದೇ ರನ್ ಕೂಡಿಸುತ್ತಾ ಹೋದರು. ಆ 52 ರನ್ನೂ ಬಂತು. ಇಬ್ಬರೂ ಔಟಾಗದೆ ಉಳಿದರು. ಶ್ರೀನಾಥ್ 30, ಕುಂಬ್ಳೆ 16. ನಾನು ಎದ್ದು ಕುಣಿದೆ. ದೊಡ್ಡಪ್ಪ, "ಗೆದ್ರಾ? ಸರಿ, ಆ ಸೌದೆ ಈ ಕಡೆ ತಳ್ಳು" ಅಂದರು.

ಆದರೆ ಅತಿಯಾಗಿ ದುಡಿಸಿದ ಮೈ ಎಷ್ಟು ದಿನ ತಡೆಯುತ್ತೆ? ಕಪಿಲ್ ಹೋದ ಮೇಲೆ ಟೆಸ್ಟಾಗಲಿ ಏಕದಿನವಾಗಲಿ, ಮೊದಲ ಓವರ್ ಶ್ರೀನಾಥ್, ಮಧ್ಯದಲ್ಲಿ ಶ್ರೀನಾಥ್, ಕೊನೆಗೂ ಶ್ರೀನಾಥ್. ಏಕದಿನದಲ್ಲಿ ಕೆಲವು ಸಲ ರನ್ ಗತಿ ಹೆಚ್ಚಿಸೋಕೆ ಮೇಲಿನ ಕ್ರಮಾಂಕದಲ್ಲಿ ಬ್ಯಾಟಿಂಗಿಗೂ ಅವರೇ. 1997ರಲ್ಲಿ ಭುಜ ಕೈಕೊಟ್ಟಿತು. ರೊಟೇಟರ್ ಕಫ್ ಅಂತಾರೆ. ತೋಳಿನ ಮೂಳೆ ಭುಜದ ಗುಳಿಯಿಂದ ಜಾರದ ಹಾಗೆ ಹಿಡಿದಿಡುವ ನಾಲ್ಕು ಸ್ನಾಯುಗಳ ಕಟ್ಟು ಅದು. ಕೈ ತಿರುಗಿಸಿ ಚೆಂಡು ಬಿಡುವ ಪ್ರತಿ ಸಲವೂ ಅದರ ಮೇಲೆ ಭಾರ ಬೀಳುತ್ತೆ. ದಿನಕ್ಕೆ 20 ಓವರ್ ಅಂದರೆ 120 ಸಲ. ಅದು ಹರಿದರೆ ತಲೆ ಬಾಚಿಕೊಳ್ಳೋಕೆ ಕೈ ಎತ್ತೋದೂ ಕಷ್ಟ. ಶಸ್ತ್ರಚಿಕಿತ್ಸೆ ಆಯ್ತು. ಆ ವರ್ಷದ ಬಹುಪಾಲು ಶ್ರೀನಾಥ್ ಮೈದಾನದಿಂದ ಹೊರಗೇ ಉಳಿದರು.

ಬೌಲರ್ ಒಬ್ಬನಿಗೆ ಭುಜ ಹರಿಯೋದು ಅಂದರೆ ಬಹಳ ಸಲ ಅಲ್ಲಿಗೆ ಕಥೆ ಮುಗಿದ ಹಾಗೆ. ನಾನು ಆಗಲೇ ಹೇಳಿದ 149.6 ಕಿಲೋಮೀಟರ್ ಇದೆಯಲ್ಲ, ಅದು ಈ ಶಸ್ತ್ರಚಿಕಿತ್ಸೆ ಆದ ಮೇಲೆ ಬಂದ ವೇಗ! ದಯವಿಟ್ಟು ಇದನ್ನ ಗಮನಿಸಿ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರ್ತೀನಿ. 1999ರ ಫೆಬ್ರವರಿ. ಎರಡೇ ವಾರದ ಅಂತರದಲ್ಲಿ ಪಾಕಿಸ್ತಾನದ ವಿರುದ್ಧ ಎರಡು ಟೆಸ್ಟ್. ಶ್ರೀನಾಥ್ ಅನ್ನೋ ಮನುಷ್ಯ ಅರ್ಥ ಆಗಬೇಕಾದರೆ ಈ ಎರಡು ಪಂದ್ಯ ಸಾಕು.

ಮೊದಲನೆಯದು ದೆಹಲಿ, ಫಿರೋಜ್ ಷಾ ಕೋಟ್ಲಾ, ಫೆಬ್ರವರಿ 7. ಪಾಕಿಸ್ತಾನದ 9 ವಿಕೆಟ್ ಬಿದ್ದಿವೆ. ಒಂಬತ್ತೂ ಅನಿಲ್ ಕುಂಬ್ಳೆಗೆ. ಟೆಸ್ಟ್ ಇತಿಹಾಸದಲ್ಲಿ ಒಂದು ಇನಿಂಗ್ಸಿನ ಹತ್ತೂ ವಿಕೆಟ್ ತೆಗೆದವರು ಅಲ್ಲಿಯವರೆಗೆ ಒಬ್ಬರೇ, ಇಂಗ್ಲೆಂಡಿನ ಜಿಮ್ ಲೇಕರ್, 1956ರಲ್ಲಿ. ಇಂಥ ಹೊತ್ತಲ್ಲಿ ಇನ್ನೊಂದು ತುದಿಯಿಂದ ಓವರ್ ಹಾಕಬೇಕಾದವರು ಶ್ರೀನಾಥ್. ಎದುರಿಗೆ ಕೊನೆಯ ಬ್ಯಾಟ್ಸ್‌ಮನ್. ಒಂದು ನೇರ ಚೆಂಡು ಹಾಕಿದರೆ ತಮಗೊಂದು ವಿಕೆಟ್. ಶ್ರೀನಾಥ್ ಏನು ಮಾಡಿದರು? ಬೇಕೆಂದೇ ಆಫ್ ಸ್ಟಂಪಿನಿಂದ ದೂರ, ಬ್ಯಾಟಿಗೆ ಸಿಗದ ಹಾಗೆ ಹಾಕಿದರು. ಅಂಪೈರ್ ವೈಡ್ ಕೊಟ್ಟರು. ಜೀವನವಿಡೀ ಸ್ಟಂಪಿಗೆ ಗುರಿ ಇಡೋದನ್ನ ಕಲಿತವನು ಗುರಿ ತಪ್ಪಿಸಿ ಬೌಲ್ ಮಾಡೋದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ಕುಂಬ್ಳೆ ಮುಂದಿನ ಓವರಲ್ಲಿ ವಾಸಿಂ ಅಕ್ರಂ ವಿಕೆಟ್ ತೆಗೆದರು. 74ಕ್ಕೆ 10. ಇಡೀ ದೇಶ ಕುಂಬ್ಳೆಯನ್ನ ಹೊತ್ತು ಮೆರೆಸಿತು. ಮೆರೆಸಲೇಬೇಕಿತ್ತು. ಆ ವೈಡ್‌ಗಳು ಸ್ಕೋರ್‌ಬೋರ್ಡಿನಲ್ಲಿ ಎಕ್ಸ್‌ಟ್ರಾ ಅಂತ ಸೇರಿಕೊಂಡವು.

ಎರಡನೆಯದು ಕೋಲ್ಕತ್ತ, ಈಡನ್ ಗಾರ್ಡನ್ಸ್. ಮೊದಲ ದಿನ ಬೆಳಿಗ್ಗೆ ಪಾಕಿಸ್ತಾನ 26 ರನ್‌ಗೆ 6 ವಿಕೆಟ್! ಶ್ರೀನಾಥ್ ಆ ಇನಿಂಗ್ಸಿನಲ್ಲಿ 46ಕ್ಕೆ 5. ಎರಡನೇ ಇನಿಂಗ್ಸಿನಲ್ಲಿ ಸಯೀದ್ ಅನ್ವರ್ ಗೋಡೆ ಥರ ನಿಂತು ಔಟಾಗದೆ 188 ಹೊಡೆದರು. ಆದರೂ ಶ್ರೀನಾಥ್ 86 ರನ್ ಕೊಟ್ಟು 8 ವಿಕೆಟ್ ತೆಗೆದರು. ಪಂದ್ಯದಲ್ಲಿ ಒಟ್ಟು 132ಕ್ಕೆ 13. ಅವರ ಜೀವಮಾನದ ಅತ್ಯುತ್ತಮ ಸಾಧನೆ. ಭಾರತಕ್ಕೆ 279 ರನ್ ಗುರಿ. ಸಚಿನ್ ರನೌಟ್ ಆದರು, ಗ್ಯಾಲರಿಯಲ್ಲಿ ಗಲಾಟೆ ಎದ್ದಿತು, ಕೊನೆಗೆ ಪ್ರೇಕ್ಷಕರನ್ನ ಹೊರಗೆ ಕಳಿಸಿ ಖಾಲಿ ಮೈದಾನದಲ್ಲಿ ಆಟ ಮುಗಿಸಿದರು. ಭಾರತ 46 ರನ್‌ಗಳಿಂದ ಸೋತಿತು.

ಈಗ ಹೇಳಿ. ಆ ಪಂದ್ಯ ಅಂದರೆ ನಿಮಗೆ ಏನು ನೆನಪಾಗುತ್ತೆ? ಸಚಿನ್ ಶೋಯೆಬ್‌ಗೆ ಡಿಕ್ಕಿ ಹೊಡೆದು ರನೌಟ್ ಆಗಿದ್ದು. ಗಲಾಟೆ. ಖಾಲಿ ಕುರ್ಚಿಗಳು. 13 ವಿಕೆಟ್ ನೆನಪಾಗುತ್ತಾ? ನನಗೂ ಆಗಿರಲಿಲ್ಲ. ಈ ಮಾತು ಬರೆಯೋಕೆ ಕೂತಾಗ ಹಳೆಯ ಸ್ಕೋರ್ ಕಾರ್ಡ್ ತೆಗೆದು ನೋಡಿ ನಾಚಿಕೆ ಆಯ್ತು.

ಒಂದು ಪಂದ್ಯದಲ್ಲಿ ಇನ್ನೊಬ್ಬರ ಹತ್ತನೇ ವಿಕೆಟ್‌ಗಾಗಿ ತನ್ನ ವಿಕೆಟ್ ಬಿಟ್ಟುಕೊಟ್ಟರು. ಮರು ಪಂದ್ಯದಲ್ಲಿ ತಾವೇ 13 ತೆಗೆದರೂ ತಂಡ ಸೋತಿತು. ಎರಡರಲ್ಲೂ ಹೆಡ್‌ಲೈನ್ ಬೇರೆಯವರದ್ದು.

2002ರಲ್ಲಿ ಟೆಸ್ಟ್ ಸಾಕು ಅಂದರು. ಮೈ ದಣಿದಿತ್ತು. ವಿಶ್ವಕಪ್ ಹತ್ತಿರ ಬಂದಾಗ ಗಂಗೂಲಿ ಬಿಡಲಿಲ್ಲ. ಜಹೀರ್ ಖಾನ್, ಆಶಿಶ್ ನೆಹ್ರಾ ಇಬ್ಬರೂ ಎಳೆಯ ಹುಡುಗರು, ಜೊತೆಗೊಬ್ಬ ಹಿರಿಯ ಬೇಕು ಅಂತ ಒಪ್ಪಿಸಿದರು. ಶ್ರೀನಾಥ್ ಹೋದರು. ನಾವು "ಯಾಕೆ ಕರ್ಕೊಂಡ್ ಬಂದ್ರೋ" ಅಂತ ಕೂಗಿದ್ವಲ್ಲ, ಆ ವಿಶ್ವಕಪ್‌ನಲ್ಲಿ ಅವರು 11 ಪಂದ್ಯಗಳಿಂದ 16 ವಿಕೆಟ್ ತೆಗೆದಿದ್ದರು. ಫೈನಲ್ ನಡೆದ ಅದೇ ವಾಂಡರರ್ಸ್ ಮೈದಾನದಲ್ಲಿ, ಹದಿಮೂರು ದಿನ ಮುಂಚೆ, ಶ್ರೀಲಂಕಾ ವಿರುದ್ಧ 35ಕ್ಕೆ 4. ಅವರಿಲ್ಲದಿದ್ದರೆ ಫೈನಲ್ ಎಲ್ಲಿಂದ ಬರ್ತಿತ್ತು? ಫೈನಲ್‌ಗೆ ತಂದು ನಿಲ್ಲಿಸಿದವರಲ್ಲಿ ಒಬ್ಬರನ್ನ, ಫೈನಲ್‌ನ ಹತ್ತು ಓವರ್ ಹಿಡಿದು ಹರಾಜು ಹಾಕಿದ್ವಿ.

ಒಟ್ಟು 229 ಏಕದಿನ ಪಂದ್ಯ, 315 ವಿಕೆಟ್. ನಾಲ್ಕು ವಿಶ್ವಕಪ್ ಸೇರಿ 44 ವಿಕೆಟ್. ಭಾರತದ ಮಟ್ಟಿಗೆ ಅದು ದಾಖಲೆ. ಅದನ್ನ ಸರಿಗಟ್ಟಿದ್ದು ಯಾರು ಗೊತ್ತಾ? ಯಾವ ಹುಡುಗನ ಜೊತೆಗಿರಲಿ ಅಂತ ಶ್ರೀನಾಥ್ ಅವರನ್ನ ಕರೆಸಿದ್ದರೋ, ಅದೇ ಜಹೀರ್ ಖಾನ್! 2003ರ ಫೈನಲ್‌ನಲ್ಲಿ 7 ಓವರ್‌ಗೆ 67 ರನ್ ಕೊಟ್ಟ ಆ ಹುಡುಗ, 2011ರಲ್ಲಿ ವಿಶ್ವಕಪ್ ಗೆದ್ದ ತಂಡದ ಮುಂಚೂಣಿ ಬೌಲರ್. ಆ 44ನ್ನ ದಾಟೋಕೆ 2023ರವರೆಗೆ ಕಾಯಬೇಕಾಯ್ತು, ಮೊಹಮ್ಮದ್ ಶಮಿ ಬರಬೇಕಾಯ್ತು.

ನಿವೃತ್ತಿ ಆದ ಮೇಲೆ ಶ್ರೀನಾಥ್ ಏನು ಮಾಡಿದರು? 2006ರಿಂದ ಐಸಿಸಿ ಮ್ಯಾಚ್ ರೆಫರಿ. ಮಧ್ಯೆ 2010ರಲ್ಲಿ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದಾಗ ಇವರು ಕಾರ್ಯದರ್ಶಿಯಾದರು. ಈ ಮ್ಯಾಚ್ ರೆಫರಿ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೈದಾನದಲ್ಲಿ ಆಟಗಾರ ತಪ್ಪು ಮಾಡಿದ ಅಂತ ದೂರು ಬಂದರೆ ರೆಫರಿ ಕೂಗಾಡೋದಿಲ್ಲ. ಅಂಪೈರ್‌ಗಳ ವರದಿ ಓದ್ತಾರೆ. ದೃಶ್ಯ ಮತ್ತೆ ಮತ್ತೆ ನೋಡ್ತಾರೆ. ಆಟಗಾರ ತಪ್ಪು ಒಪ್ಪದಿದ್ದರೆ ಕರೆಸಿ ಅವನ ಮಾತು ಕೇಳ್ತಾರೆ. ಆಮೇಲೆ ತೀರ್ಪು. ಹತ್ತು ಓವರ್ ನೋಡಿ ನಾವು ಯಾರಿಗೆ ತೀರ್ಪು ಕೊಟ್ಟೆವೋ, ಅವರು ತೀರ್ಪು ಕೊಡುವ ಕುರ್ಚಿಯಲ್ಲಿ ಕೂತಾಗ ಎಲ್ಲವನ್ನೂ ನೋಡಿ, ಕೇಳಿಯೇ ಮಾತಾಡಬೇಕು.

ನಾನು? ನಾನು ಟಿವಿಗೆ ಬಂದೆ. ಸುಳ್ಳು ಹೇಳೋದಿಲ್ಲ, ವೀಕ್ಷಕರೇ. ಕೆಲವು ವರ್ಷದ ಹಿಂದೆ ಒಬ್ಬ ಎಳೆಯ ಬೌಲರ್ ಕೊನೆಯ ಓವರಲ್ಲಿ ರನ್ ಕೊಟ್ಟು ತಂಡ ಸೋತಿತು. ಹೆಸರು ಬೇಡ. ಅವತ್ತು ರಾತ್ರಿ ಇದೇ ಸ್ಟುಡಿಯೋದಲ್ಲಿ ನಾನು ಒಂದು ಗಂಟೆ ಕಾರ್ಯಕ್ರಮ ಮಾಡಿದೆ. ಅವನ ಮುಖ ಪರದೆ ತುಂಬ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ 'ವಿಲನ್'. ಅವನು ಯಾವ ಊರು, ಹಿಂದಿನ ಪಂದ್ಯಗಳಲ್ಲಿ ಏನು ಮಾಡಿದ್ದ, ಮೈ ಹುಷಾರಿತ್ತಾ ಇಲ್ಲವಾ, ಯಾವುದನ್ನೂ ಕೇಳಲಿಲ್ಲ. ಕಾರ್ಯಕ್ರಮ ಚೆನ್ನಾಗಿ ಓಡಿತು.

ಮರುವಾರ ಊರಿಗೆ ಹೋಗಿದ್ದೆ. ದೊಡ್ಡಪ್ಪನಿಗೆ ವಯಸ್ಸಾಗಿತ್ತು, ಬ್ಯಾರನ್ ಕೆಲಸ ಬಿಟ್ಟಿದ್ದರು. ಊಟ ಮಾಡ್ತಾ ಕೇಳಿದರು, "ಮೊನ್ನೆ ಟಿವೀಲಿ ಅದ್ಯಾವ್ದೋ ಹುಡ್ಗನ್ನ ಬೈತಿದ್ದೆಯಲ್ಲ, ಏನ್ ಮಾಡಿದ್ನಪ್ಪ ಅವ್ನು?"

"ಲಾಸ್ಟ್ ಓವರಲ್ಲಿ ರನ್ ಕೊಟ್ಬಿಟ್ಟ, ದೊಡ್ಡಪ್ಪ" ಅಂದೆ.

"ಅಷ್ಟೇಯಾ?" ಅಂದರು.

ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಸಾರು ಬಡಿಸು ಅಂದರು. ನನಗೆ ಅನ್ನ ಇಳಿಯಲಿಲ್ಲ. 2003ರ ಜಗಲಿ ಕಣ್ಣ ಮುಂದೆ ಬಂತು. ಅಲ್ಲಿ ಕೂಗಿದ್ದು ಇಪ್ಪತ್ತು ಜನಕ್ಕೆ ಕೇಳಿಸಿತ್ತು. ಇಲ್ಲಿ ಕೂಗಿದ್ದು ಇಡೀ ರಾಜ್ಯಕ್ಕೆ ಕೇಳಿಸಿತ್ತು. ಆ ಹುಡುಗನ ತಾಯಿಗೂ ಕೇಳಿಸಿರಬೇಕು.

ಟೀಕೆ ಮಾಡಬಾರದು ಅಂತ ನಾನು ಹೇಳ್ತಿಲ್ಲ. 10 ಓವರ್‌ಗೆ 87 ಕೊಟ್ಟಿದ್ದು ಕೆಟ್ಟ ಬೌಲಿಂಗೇ. ಫೈನಲ್ ದಿನ ನಮ್ಮ ವೇಗದ ಬೌಲಿಂಗ್ ಸೋತಿತು, ಅದು ಸತ್ಯ. ಅದನ್ನ ಹೇಳಬೇಕು. ಆದರೆ ಆ ದಿನದ ಬೌಲಿಂಗ್ ಕೆಟ್ಟದಾಗಿತ್ತು ಅನ್ನೋದು ಒಂದು ಮಾತು, ಈ ಮನುಷ್ಯ ಕೆಟ್ಟವನು, ಕೆಲಸಕ್ಕೆ ಬಾರದವನು ಅನ್ನೋದು ಇನ್ನೊಂದು ಮಾತು. ಮೊದಲನೆಯದು ಲೆಕ್ಕ. ಎರಡನೆಯದು ಅನ್ಯಾಯ. ಸಂಜೆ ಆದರೆ ನಾವು ಟಿವಿಯವರು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿಬಿಡ್ತೀವಿ. ನೀವು ನೋಡ್ತೀರಿ ಅಂತ ಹಾರ್ತೀವಿ.

ನಾಳೆ ಯಾವುದೋ ಪಂದ್ಯ ಸೋಲ್ತೀವಿ. ಯಾವನೋ ಹುಡುಗ ಕ್ಯಾಚ್ ಬಿಡ್ತಾನೆ, ರನ್ ಕೊಡ್ತಾನೆ. ಆಗ ಈ ಪರದೆ ಮೇಲೆ ನಾನೇ ಮತ್ತೆ ಕೂಗಿದರೂ ಕೂಗಬಹುದು, ಅಭ್ಯಾಸ ಅಷ್ಟು ಬೇಗ ಹೋಗೋದಿಲ್ಲ. ಆಗ ನೀವು ಕೇಳಿ, "ಅಷ್ಟೇಯಾ?" ಅಂತ. ಹಿಂದಿನ ಓವರ್‌ಗಳ ಲೆಕ್ಕ ತೋರಿಸಪ್ಪಾ ಅಂತ ಕೇಳಿ.

ಕೊಪ್ಪದ ಆ ಜಗಲಿ ಈಗಲೂ ಇದೆ. ಮುಂದಿನ ಸಲ ಹೋದಾಗ ಅಲ್ಲಿನ ಹುಡುಗರಿಗೆ ಒಂದು ಸ್ಕೋರ್ ಕಾರ್ಡ್ ತೋರಿಸಬೇಕು ಅಂತಿದ್ದೀನಿ. ಜೊಹಾನ್ಸ್‌ಬರ್ಗಿನದ್ದಲ್ಲ. 1999ರ ಫೆಬ್ರವರಿಯ ಕೋಲ್ಕತ್ತದ್ದು. ಜಾವಗಲ್ ಶ್ರೀನಾಥ್, 132ಕ್ಕೆ 13. ಭಾರತ ಸೋತ ಪಂದ್ಯ.